ರೆಕ್ಕೆಯ ತುದಿಯ ಎಳೆ

ವಿಮಾನ ಬಿದ್ದದ್ದು ಪೈಲಟ್‌ನ ತಪ್ಪಿನಿಂದಲೇ ಎಂದು ತನಿಖೆ ಮುಗಿದಿತ್ತು. ಸತ್ತ ಮಗ ಏನು ತಪ್ಪು ಮಾಡಿದನೆಂದು ಕೇಳಲು ಪೈಲಟ್‌ನ ತಾಯಿ ಆ ವಿಮಾನದ ವಿನ್ಯಾಸವನ್ನು ಮೊದಲು ಪರೀಕ್ಷಿಸಿದ್ದ ಪ್ರಯೋಗಾಲಯಕ್ಕೆ ಬಂದಳು. ಹಿರಿಯ ಟೆಕ್ನಿಶಿಯನ್ ಅದೇ ವಿಮಾನದ ಪುಟ್ಟ ಮಾದರಿಯ ಮೇಲೆ ಜೋರಾಗಿ ಗಾಳಿ ಹಾಯಿಸಿ ತೋರಿಸಿದ. ಗಾಳಿ ಹರಿಯುವ ಬಗೆ ಕಾಣಲೆಂದು ರೆಕ್ಕೆಯ ತುಂಬ ಅಂಟಿಸಿದ್ದ ಉಣ್ಣೆಯ ಎಳೆಗಳೆಲ್ಲ ನೆಟ್ಟಗೆ ಮಲಗಿದವು. ತುದಿಯದೊಂದು ಮಾತ್ರ ಗಿರಗಿರನೆ ತಿರುಗತೊಡಗಿತು.

"ಅದ್ಯಾಕಪ್ಪ, ಅದೊಂದು ಹಂಗೆ ಒದ್ದಾಡುತ್ತೆ?"

"ಅಲ್ಲಿ ಗಾಳಿ ರೆಕ್ಕೆನ ಬಿಟ್ಟುಬಿಡುತ್ತಮ್ಮ. ಆಮೇಲೆ ಎಂಥ ಪೈಲಟ್ ಕೈಲೂ ಏನೂ ಆಗಲ್ಲ."

"ನನ್ನ ಮಗ ವಿಮಾನ ಹತ್ತೋಕೆ ಮುಂಚೆ ಇದು ನಿಮಗೆ ಕಾಣಿಸಲಿಲ್ವಾ?"

ಅವನು ಗಾಳಿ ನಿಲ್ಲಿಸಿದ. ಎಳೆ ಸುಮ್ಮನೆ ಜೋತುಬಿತ್ತು.

"ಕಾಣಿಸ್ತು. ಮೊದಲ ಪರೀಕ್ಷೇಲೂ ಈ ಜಾಗದ ಎಳೆ ಹಿಂಗೇ ತಿರುಗಿತ್ತು. ಸರಿಯಾಗಿ ಅಂಟಿಲ್ಲ ಅಂದ್ಕೊಂಡು ಅವತ್ತು ಅದನ್ನ ನಾನೇ ಕಿತ್ತುಹಾಕಿದೆ, ಅಮ್ಮ."