ಕಾಡಿಗೆಯ ಮಚ್ಚೆ

ಪರೀಕ್ಷಕ ಎರಡು ವರ್ಷದ ಗಂಡು ಕುದುರೆಮರಿಯ ಹೊಟ್ಟೆಯ ಕೆಳಗೆ ಬಗ್ಗಿ ನೋಡಿದ, ಸೊಂಟ ಹಿಡಿದುಕೊಂಡು ಎದ್ದ, ಹಾಳೆಯ ಮೇಲೆ ಅಡ್ಡಗೀಟು ಎಳೆದ.

“ಹೊಟ್ಟೆ ಮೇಲೆ ಬಿಳಿ ಮಚ್ಚೆ. ಇದು ಕಾಡಿಗೆ ಮಗ ಅಲ್ಲ.”

“ಇನ್ನೊಂದ್ಸಲ ನೋಡಿ ಸ್ವಾಮಿ,” ಎಂದಳು ಲಾಯದಜ್ಜಿ, ಮರಿಯ ಹಗ್ಗವನ್ನು ಬಿಗಿಯಾಗಿ ಹಿಡಿದು. “ಕಿವಿ ನೋಡಿ, ಕುತ್ತಿಗೆ ನೋಡಿ. ಅಪ್ಪನ ಪಡಿಯಚ್ಚು.”

“ನೋಡೋಕೇನಿದೆ? ಗೋಡೆ ಮೇಲೆ ಅಪ್ಪನೇ ಇದಾನಲ್ಲ!”

ಪರೀಕ್ಷಕನ ಮೇಜಿನ ಹಿಂದಿನ ಗೋಡೆಯಲ್ಲಿ ಕಾಡಿಗೆಯ ಆಳೆತ್ತರದ ಫೋಟೋ. ಮುಂಗಾಲೆರಡನ್ನೂ ಎತ್ತಿ ನಿಂತ ಅರಬ್ಬಿ ಕುದುರೆ. ಎದೆಯಿಂದ ತೊಡೆಯವರೆಗೆ ಕಪ್ಪೋ ಕಪ್ಪು. ಶುದ್ಧ ರಕ್ತದ ಕುದುರೆಗಳ ತಳಿಪುಸ್ತಕದಲ್ಲಿ ಅವನಿಗೆ ಒಂದೂವರೆ ಸಾಲಿನ ಹೆಸರಿತ್ತು, ಅದನ್ನು ಒಂದೇ ಉಸಿರಿಗೆ ಓದಿದವರಿಲ್ಲ. ಲಾಯದಲ್ಲಿ ಅವನು ಬರೀ ಕಾಡಿಗೆ. ಸತ್ತು ಮೂರು ವರ್ಷವಾಗಿತ್ತು. ಅಂದು ವರ್ಷದ ತಪಾಸಣೆಗೆಂದು ಅಂಗಳದಲ್ಲಿ ಸಾಲಾಗಿ ನಿಂತಿದ್ದ ಮೂವತ್ತು ಕುದುರೆಗಳೂ ಅವನ ಮಕ್ಕಳು, ಮೊಮ್ಮಕ್ಕಳೇ. ಮೈಮೇಲೆ ಬಿಳಿ ಕಂಡರೆ ರಕ್ತ ಬೆರಕೆ ಎಂದು ಈ ತಳಿಯವರ ನಂಬಿಕೆ. ರಕ್ತ ಪರೀಕ್ಷಿಸಿ ಅಪ್ಪನನ್ನು ಹೇಳುವ ಕಾಲ ಇನ್ನೂ ಬಂದಿರಲಿಲ್ಲ. ಪುಸ್ತಕಕ್ಕೆ ಸೇರದ ಗಂಡಿಗೆ ಅಂದೇ ಬೀಜ ಒಡೆಸಬೇಕು. ಅದಕ್ಕೆಂದೇ ಪಶುವೈದ್ಯ ಬಾಗಿಲ ಬಳಿ ಕಾಯುತ್ತಿದ್ದ.

“ಹೆತ್ತವರಿಗೆ ಹೆಗ್ಗಣ ಮುದ್ದು ಸಾರ್. ಗೀಟು ಎಳೆದಾಯ್ತಲ್ಲ, ಮುಂದಿನದನ್ನ ಕರೀರಿ,” ಎಂದ ಲಾಯದ ಯಜಮಾನ. ಅವನ ಅಪ್ಪ ಸಾಯುವ ಮುಂಚೆ ಅಜ್ಜಿಗೆ ಒಂದು ಮುದಿ ಹೆಣ್ಣುಕುದುರೆ ಕೊಟ್ಟಿದ್ದ. ಅದರ ಹೊಟ್ಟೆಯಲ್ಲಿ ಕಾಡಿಗೆಯ ಕೊನೆಯ ಮರಿ ಇದ್ದದ್ದು ಮಗನಿಗೆ ಇಂದಿಗೂ ನುಂಗಲಾರದ ತುತ್ತಾಗಿತ್ತು.

“ಆ ಫೋಟೋನೇ ಸುಳ್ಳು,” ಎಂದಳು ಅಜ್ಜಿ, ಅಂಗಳಕ್ಕೆಲ್ಲ ಕೇಳುವ ಹಾಗೆ. “ಕಾಡಿಗೆ ಹೊಟ್ಟೆ ಮೇಲೂ ಇದೇ ಮಚ್ಚೆ ಇತ್ತು. ಇದೇ ಜಾಗದಲ್ಲಿ, ನನ್ನ ಅಂಗೈಯಷ್ಟು. ಫೋಟೋ ತೆಗೆಯೋ ದಿನ ದೊಡ್ಡ ಯಜಮಾನ್ರು ಮುಚ್ಚು ಅಂದ್ರು. ಎರಡು ಡಬ್ಬಿ ಬೂಟ್ ಪಾಲಿಶ್ ತಿಕ್ಕಿದೆ. ತಿಕ್ಕಿದ್ದು ಈ ಕೈಯೇ. ಇವತ್ತು ಈ ಮರಿಗೂ ತಿಕ್ಕಬಹುದಿತ್ತು. ತಿಕ್ಕಲ್ಲ!”

ಯಜಮಾನನ ಮುಖ ಕೆಂಪೇರಿತು. “ಅಜ್ಜಿ, ಇನ್ನೊಂದು ಮಾತಾಡಿದ್ರೆ ಲಾಯದ ಪಕ್ಕದ ಕೋಣೆ ಖಾಲಿ ಮಾಡ್ಬೇಕಾಗುತ್ತೆ.”

“ಮಾಡ್ತೀನಿ ಬಿಡಿ. ಇರೋದೇ ಒಂದು ಟ್ರಂಕು.”

ಪರೀಕ್ಷಕ ನಕ್ಕ. “ಸಾಕ್ಷಿ ಬೇಕಲ್ಲಮ್ಮ. ಸತ್ತ ಕುದುರೆನ ಎಬ್ಬಿಸ್ಕೊಂಡು ಬರ್ತೀರಾ?”

ಅಜ್ಜಿಗೆ ಸಿಟ್ಟು ಬಂದದ್ದು ಅವನ ಮೇಲಲ್ಲ, ಡಬ್ಬಿ ಹಿಡಿದ ತನ್ನ ಕೈಯ ಮೇಲೆ. ಬೇರೆಯವರು ಹತ್ತಿರ ಬಂದರೆ ಒದೆಯುತ್ತಿದ್ದ ಕಾಡಿಗೆ, ಅಂದು ಅವಳು ಮಸಿ ಬಳಿಯುವಾಗ ಮಿಸುಕದೆ ನಿಂತಿದ್ದ. ನೆನೆದರೆ ಈಗಲೂ ಅವಳಿಗೆ ನಾಚಿಕೆಯಾಗುತ್ತಿತ್ತು. ಅವಳು ಸುತ್ತ ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಪಾಲಿಶ್ ಎಂದದ್ದೇ ತಡ, ಕುದುರೆ ಹಿಡಿದಿದ್ದ ಆಳುಗಳ ಇನ್ನೊಂದು ಕೈಯೆಲ್ಲ ಬೆನ್ನ ಹಿಂದೆ ಹೋಗಿತ್ತು. ಅವಳು ಹತ್ತಿರದವನ ಕೈಯನ್ನು ಮುಂದಕ್ಕೆ ಎಳೆದಳು. ಉಗುರಿನ ಸಂದಿಯಲ್ಲೆಲ್ಲ ಕಪ್ಪು.

“ನೀನೂನಾ?”

“ನಮ್ಮ ಧಣಿ ಹೇಳಿದ್ರು ಅಜ್ಜಿ. ಪ್ರತಿ ವರ್ಷ ಹೇಳ್ತಾರೆ,” ಎಂದು ಅವನು ತಲೆ ತಗ್ಗಿಸಿದ.

ಅವಳು ಮರಿಯ ಹಗ್ಗವನ್ನು ಅವನ ಕೈಗೇ ತುರುಕಿ, ಹೆಗಲ ಮೇಲಿನ ಬಟ್ಟೆಯನ್ನು ಸೋಪುನೀರಿನ ಬಕೆಟ್ಟಿನಲ್ಲಿ ಅದ್ದಿ, ಅವನ ಕುದುರೆಯ ಹೊಟ್ಟೆಯನ್ನು ಉಜ್ಜಿದಳು. ಹೋದ ವರ್ಷ ಮೊದಲ ಬಹುಮಾನ ಗೆದ್ದ ಕುದುರೆ ಅದು. ನಾಲ್ಕೈದು ಸಲ ತಿಕ್ಕಿದ ಮೇಲೆ ಕಪ್ಪು ಇಳಿದು ಅಂಗೈಯಗಲ ಬಿಳಿ ಎದ್ದಿತು. ಪಕ್ಕದ್ದರ ಹೊಟ್ಟೆಯಲ್ಲೂ ಅಷ್ಟೇ ಬಿಳಿ. ಮೂರನೆಯ ಆಳು ಅವಳು ಬರುವ ಮೊದಲೇ ತಾನೇ ಬಟ್ಟೆ ಒದ್ದೆ ಮಾಡಿಕೊಂಡು ಬಗ್ಗಿದ್ದ. ಒಡೆಯರು ಬೊಬ್ಬೆ ಹೊಡೆದರು, ಒಂದಿಬ್ಬರು ತಮ್ಮ ಕುದುರೆಗಳನ್ನು ಬಾಗಿಲ ಕಡೆಗೆ ಎಳೆದರು. ಪಶುವೈದ್ಯ ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತ.

“ನಿಲ್ಸಿ!” ಎಂದು ಪರೀಕ್ಷಕ ಕೂಗಿದ. “ಹೀಗೆ ತೊಳೀತಾ ಹೋದ್ರೆ ಪುಸ್ತಕದಲ್ಲಿ ಯಾರೂ ಉಳಿಯಲ್ಲ.”

“ಹೆಸರು ಹೊಡೆದು ಹಾಕೋದಾದ್ರೆ ಎಲ್ಲರದ್ದೂ ಹೊಡೆದು ಹಾಕಿ. ಉಳಿಸೋದಾದ್ರೆ ಇವನನ್ನೂ ಉಳಿಸಿ. ಬರೀರಿ. ತಂದೆ, ಕಾಡಿಗೆ. ಗುರುತು, ಹೊಟ್ಟೆ ಮೇಲೆ ಬಿಳಿ ಮಚ್ಚೆ.”

ಪರೀಕ್ಷಕ ಸಾಲಿನುದ್ದಕ್ಕೂ ನೋಡಿದ. ಮೂವತ್ತು ಕುದುರೆ, ಮೂವತ್ತು ಒಡೆಯರು, ಎಲ್ಲರ ಕಣ್ಣೂ ಅವನ ಪೆನ್ನಿನ ಮೇಲೆ. ಗೀಟು ಎಳೆದ ಹಾಳೆಯನ್ನು ಹರಿದು, ಹೊಸದರಲ್ಲಿ ಅವಳು ಹೇಳಿದಷ್ಟನ್ನೇ ಬರೆದು ಮುದ್ರೆ ಒತ್ತಿದ. ಅಜ್ಜಿ ಅದನ್ನು ಎರಡು ಸಲ ಓದಿಸಿ ಕೇಳಿದಳು. ಪಶುವೈದ್ಯ ತನ್ನ ಪೆಟ್ಟಿಗೆ ಮುಚ್ಚಿದ.

ಅಷ್ಟಕ್ಕೇ ಅವಳು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಸಾಲಿನ ಕೊನೆಯಲ್ಲಿ ಅವಳ ಯಜಮಾನ ತನ್ನ ಕುದುರೆಗೆ ಅಡ್ಡವಾಗಿ ಎರಡೂ ಕೈ ಅಗಲಿಸಿ ನಿಂತಿದ್ದ. ಅವನ ಬಿಳಿ ಅಂಗಿಯ ತೋಳಿಗೆ ಪಾಲಿಶ್ ಮೆತ್ತಿಕೊಂಡಿತ್ತು. ಈ ವರ್ಷ ಅಜ್ಜಿ ಒಲ್ಲೆ ಎಂದಿದ್ದರಿಂದ ಅವನೇ ತಿಕ್ಕಬೇಕಾಗಿ ಬಂದಿತ್ತು.

ಅಜ್ಜಿ ಒದ್ದೆ ಬಟ್ಟೆಯನ್ನು ಅವನ ಮುಂದೆ ಹಿಡಿದಳು.

“ನೀವೇ ಒರೆಸ್ತೀರೋ, ಇಲ್ಲ ಚಿಕ್ಕೋರಿದ್ದಾಗ ನಿಮ್ಮ ಮೂಗು ಒರೆಸಿದ ಹಾಗೆ ಈಗಲೂ ನಾನೇ ಒರೆಸ್ಲೋ?”