ಕಥೆಗೆ ಉಪ್ಪು ಹಾಕಿದ ಕೈ

'ಹಾಲು ಬಿಸಿಯಿದ್ದರೆ ಹಿಟ್ಟು ಗಂಟು ಕಟ್ಟುತ್ತದೆ, ತಣ್ಣನೆಯ ಹಾಲನ್ನೇ ಸುರಿಯಬೇಕು' ಎಂಬ ಸಾಲಿಗೆ ಬಂದು ಅಂಬುಬಾಯಿಯ ಪೆನ್ನು ನಿಂತಿತು.

ಅವಳು ಗಂಡನ ಧಾರಾವಾಹಿಯ ಈ ವಾರದ ಕಂತನ್ನು ಶುದ್ಧಪ್ರತಿ ಮಾಡುತ್ತಿದ್ದಳು. ಗುರುರಾಜ ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಗುಮಾಸ್ತ. ಅಕ್ಷರ ಮಾತ್ರ ಕಾಗೆಕಾಲು ಗುಬ್ಬಿಕಾಲು. ಬೆಂಗಳೂರಿನ ವಾರಪತ್ರಿಕೆಗೆ ಹೋಗುವ ಪುಟಗಳೆಲ್ಲ ಹೆಂಡತಿಯ ಕೈಬರಹದವು. ಕಥಾನಾಯಕ ಹಡಗಿನ ಕಪ್ತಾನ. ಬಂದರಿಗೊಂದು ಊಟ, ಊಟಕ್ಕೊಬ್ಬಳು ಹೆಣ್ಣು. ಈ ವಾರ ಇಟಲಿ. ಮರಿಯಾ ಎಂಬವಳು ಕಪ್ತಾನನಿಗಾಗಿ ಬೆಣ್ಣೆಯಲ್ಲಿ ಮೈದಾ ಹುರಿದು, ಹಾಲು ಬಿಟ್ಟು, ಬಿಳಿ ಗೊಜ್ಜು ಕುದಿಸುತ್ತಿದ್ದಳು.

ಇದನ್ನು ಬರೆದ ಮಹಾರಾಯನಿಗೆ ಮನೆಯಲ್ಲಿ ಅಕ್ಕಿ ಡಬ್ಬಿ ಎಲ್ಲಿದೆಯೆಂದು ಗೊತ್ತಿರಲಿಲ್ಲ.

ಮೊದಲು ಹೀಗಿರಲಿಲ್ಲ. ಹಳೆಯ ಕಥೆಗಳಲ್ಲಿ ಅವನ ನಾಯಕರು ಪ್ಯಾರಿಸ್ಸಿನ ಹೋಟೆಲಿನಲ್ಲಿ ಕೂತು ಸೂಪನ್ನು ಅನ್ನಕ್ಕೆ ಕಲಸಿಕೊಳ್ಳುತ್ತಿದ್ದರು. ಓದುಗರು ಬಾಯಿ ಚಪ್ಪರಿಸಿ ಪತ್ರ ಬರೆಯುತ್ತಿದ್ದರು, ಅಂಬುಬಾಯಿ ಒಳಗೊಳಗೇ ನಗುತ್ತಿದ್ದಳು. ಹೊರಗೆ ನೀರೂ ಮುಟ್ಟದ ಮಡಿವಂತ, ಪಾಪ, ಪುಸ್ತಕ ನೋಡಿ ಬಡಿಸುತ್ತಾನೆ ಅಂದುಕೊಳ್ಳುತ್ತಿದ್ದಳು. ಆದರೆ ಮೂರು ವರ್ಷದಿಂದ ಕಥೆಯ ಅಡುಗೆಗೆ ಹದ ಬಂದಿತ್ತು. ಒಮ್ಮೆ ಸಾರು ಸೀಯುತ್ತಿತ್ತು, ಇನ್ನೊಮ್ಮೆ ಬ್ರೆಡ್ಡು ಉಬ್ಬದೆ ಕಲ್ಲಾಗುತ್ತಿತ್ತು, ಎರಡನೇ ಸಲಕ್ಕೆ ಸರಿಹೋಗುತ್ತಿತ್ತು. ರುಚಿಯನ್ನು ಯಾರು ಬೇಕಾದರೂ ಕಲ್ಪಿಸಿ ಬರೆಯಬಹುದು. ಸೀದದ್ದನ್ನು ಬರೆಯಬೇಕಾದರೆ ಒಲೆಯ ಪಕ್ಕ ನಿಂತಿರಬೇಕು. ನಲವತ್ತು ವರ್ಷ ಒಲೆ ಊದಿದವಳಿಗೆ ಇಷ್ಟೂ ತಿಳಿಯದೇ?

ಮರುದಿನ ಅವನು ಕೆಲಸಕ್ಕೆ ಹೋದ ಮೇಲೆ ತಾನೇ ಮಾಡಿ ನೋಡಿದಳು. ಬಿಸಿ ಹಾಲಿಗೆ ಗಂಟಾಯಿತು. ತಣ್ಣನೆಯ ಹಾಲಿಗೆ ನುಣ್ಣಗೆ ಬಂತು. ಕೈ ಒರೆಸಿಕೊಂಡು ಮುಂದಿನ ಸಾಲು ಓದಿದಳು: 'ಮರಿಯಾ ಎಡಗೈಯ ಅಂಗೈ ಮೇಲೆ ಒಂದು ಹನಿ ಹಾಕಿಕೊಂಡು ಉಪ್ಪು ನೋಡಿದಳು.' ಇಟಲಿಯ ಹೆಂಗಸು ಅಂಗೈ ಮೇಲೆ ಉಪ್ಪು ನೋಡುತ್ತಾಳೆಯೇ? ಇವಳು ಯಾವಳೋ ನಮ್ಮ ಕಡೆಯವಳೇ.

ಸಂಜೆ ಕೇಳಿಯೇಬಿಟ್ಟಳು. "ಇದೆಲ್ಲಾ ನಿಮಗ ಹ್ಯಾಂಗ ಗೊತ್ತಾತ್ರೀ?"

"ಗ್ರಂಥಾಲಯದಾಗ ಏನ್ ಬೇಕಾದ್ದು ಸಿಗ್ತದ. ನೀ ಸುಮ್ನ ಬರಿ."

ಪ್ರತಿ ಎರಡನೇ ಶನಿವಾರ ಅವನು ಗ್ರಂಥಾಲಯಕ್ಕೆ ಹೋಗುತ್ತಿದ್ದ. ಬೆಳಗಿನ ತಿಂಡಿ ಬೇಡವೆನ್ನುತ್ತಿದ್ದ. ಸಂಜೆ ಬಂದು ಹಸಿವಿಲ್ಲವೆನ್ನುತ್ತಿದ್ದ.

ಅಂಬುಬಾಯಿಗೆ ಸವತಿಯ ಸಂಕಟಕ್ಕಿಂತ ದೊಡ್ಡದೊಂದು ಉರಿಯಿತ್ತು. ಈ ಗಂಡನ ಮಾತಿಗಾಗಿ ಅವಳು ಹೆತ್ತ ಮಗಳನ್ನು ಬಿಟ್ಟಿದ್ದಳು. ಹನ್ನೊಂದು ವರ್ಷದ ಹಿಂದೆ ನೀಲಾ ಕ್ರಿಶ್ಚಿಯನ್ ಹುಡುಗನನ್ನು ಮದುವೆಯಾದಾಗ ಗುರುರಾಜ ತಲೆಯ ಮೇಲೆ ನೀರು ಸುರಿದುಕೊಂಡು, ಇನ್ನು ಅವಳು ಸತ್ತಳೆಂದ. ಅವಳ ಮುಖ ನೋಡುವುದಿಲ್ಲವೆಂದು ಹೆಂಡತಿಯಿಂದ ಕುಂಕುಮ ಮುಟ್ಟಿಸಿ ಆಣೆ ಹಾಕಿಸಿಕೊಂಡ. ಮಗಳು ಬರೆದ ಎರಡು ಪತ್ರಗಳನ್ನು ಒಡೆಯದೆ ಒಲೆಗೆ ಹಾಕಿದ. ಅಂಬುಬಾಯಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳೇ ಹೊರತು ಆಣೆ ಮುರಿಯಲಿಲ್ಲ. ಅಷ್ಟು ಕಳೆದುಕೊಂಡು ಉಳಿಸಿಕೊಂಡ ಗಂಡ ಈಗ ಇನ್ನೊಬ್ಬಳ ಮನೆಯಲ್ಲಿ ಉಣ್ಣುತ್ತಿದ್ದರೆ, ಮಗಳನ್ನು ಬಿಟ್ಟದ್ದು ಯಾತಕ್ಕೆ?

ಆ ಶನಿವಾರ ಅವನ ಹಿಂದೆಯೇ ಹೊರಟಳು.

ಗುರುರಾಜ ಗ್ರಂಥಾಲಯದ ಓಣಿಗೆ ತಿರುಗಲಿಲ್ಲ. ಸಿಕಂದರಾಬಾದಿನ ಡಬಲ್ ಡೆಕರ್ ಬಸ್ಸು ಹತ್ತಿದ. ಅಂಬುಬಾಯಿ ಆಟೋ ಹಿಡಿದು, "ಉಸ್ ಬಸ್ ಕೆ ಪೀಛೆ ಚಲೋ ಭಾಯ್" ಎಂದಳು. ಆಟೋದವನು ಕನ್ನಡಿಯಲ್ಲಿ ಅವಳ ಮುಖ ನೋಡಿ ವೇಗ ಹೆಚ್ಚಿಸಿದ.

ರೈಲು ನಿಲ್ದಾಣದ ಹತ್ತಿರ ಅವನು ಇಳಿದ. ಮಾರು ಮಲ್ಲಿಗೆ ಕೊಂಡ. ಅಂಬುಬಾಯಿಯ ಕಣ್ಣು ಉರಿಯಿತು. ಮದುವೆಯಾದ ಹೊಸದರಲ್ಲಿ ತಂದದ್ದು ಬಿಟ್ಟರೆ ಈ ಮನುಷ್ಯ ಅವಳಿಗೆ ಒಂದು ಎಸಳು ಹೂವೂ ತಂದವನಲ್ಲ. ಅವನು ಎರಡು ಓಣಿ ದಾಟಿ, ಹಸಿರು ಬಾಗಿಲಿನ ಮನೆಯೊಳಗೆ ತನ್ನದೇ ಮನೆಯೆಂಬಂತೆ ಹೋದ. ಬಾಗಿಲು ಮುಚ್ಚಿತು. ಒಳಗಿನಿಂದ ಬೆಣ್ಣೆಯಲ್ಲಿ ಮೈದಾ ಹುರಿಯುವ ವಾಸನೆ ಬಂತು. ಒಬ್ಬ ಹೆಂಗಸು ನಕ್ಕಳು.

ಅಂಬುಬಾಯಿ ಬಹಳ ಹೊತ್ತು ಎದುರಿನ ಗೋಡೆಗೆ ಒರಗಿ ನಿಂತಳು. ಆಮೇಲೆ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. ಯಾವಳೇ ಆಗಲಿ, ಇವತ್ತು ಜಡೆ ಹಿಡಿದು ಬೀದಿಗೆ ಎಳೆಯುವುದೇ. ಬಾಗಿಲು ಬಡಿದಳು.

ಬಾಗಿಲು ತೆರೆಯಿತು. ಆ ಮಲ್ಲಿಗೆಯನ್ನು ಮುಡಿದುಕೊಂಡು ನಿಂತಿದ್ದವಳು ನೀಲಾ.

ಅವಳ ಹಿಂದೆ ಮೇಜಿನ ಮುಂದೆ, ಬಾಯಿ ತುಂಬ ತುತ್ತು ಇಟ್ಟುಕೊಂಡು, ಗುರುರಾಜ. ಅವನ ತಲೆಯ ಮೇಲಿನ ಫೋಟೋದಲ್ಲಿ, ಅಡುಗೆಯವರ ಬಿಳಿ ಟೋಪಿ ಹಾಕಿಕೊಂಡು ಹಡಗಿನ ಮೆಟ್ಟಿಲ ಮೇಲೆ ನಿಂತವನು ಅಳಿಯನೇ ಇರಬೇಕು.

ಅಂಬುಬಾಯಿಯ ಸಿಟ್ಟೆಲ್ಲ ಜರ್ರನೆ ಇಳಿಯಿತು. ಇವಳೇ ಮರಿಯಾ! ಪುಣ್ಯಾತ್ಮ, ಕದ್ದಾದರೂ ಮಗಳನ್ನು ನೋಡಿಕೊಂಡು ಬಂದನಲ್ಲ! ಅವನ ಆ ಸುಳ್ಳು, ಈ ಮೂರು ವರ್ಷ, ಎಲ್ಲವನ್ನೂ ಆ ಕ್ಷಣವೇ ಕ್ಷಮಿಸಿಬಿಟ್ಟಳು. ಅಳುತ್ತ, ನಗುತ್ತ, ಎರಡೂ ಕೈ ಚಾಚಿದಳು.

"ಅಂಬೂ, ನಡಿ, ಮನೀಗೆ ಹೋಗೋಣ ನಡಿ," ಎಂದು ಗುರುರಾಜ ಗಡಬಡಿಸಿ ಎದ್ದ. ಕುರ್ಚಿ ಉರುಳಿತು.

ನೀಲಾ ಒಂದು ಹೆಜ್ಜೆ ಹಿಂದೆ ಸರಿದಳು.

"ಅಪ್ಪ ಕಾಲು ಹಿಡದು ಬೇಡಿಕೊಂಡ್ರೂ 'ನನ್ನ ಪಾಲಿಗೆ ಆಕಿ ಸತ್ತಾಳ' ಅಂತ ಹಟಾ ಹಿಡದು ಕೂತಾಕಿ, ಇವತ್ತ ಯಾಕ ಬಂದೀ ಅವ್ವಾ?"