ಫ್ಯಾನಿಗೆ ಮೆತ್ತಿದ ಕುಂಕುಮ

ಆನ್ ಮಾಡಿ ಕಾಫಿ ಕುಡಿದು ಬಂದರೂ ಹಳೆಯ ಕಂಪ್ಯೂಟರು ಏಳುತ್ತಿರಲಿಲ್ಲ. ಬೇಸತ್ತ ಮೇಷ್ಟ್ರು ರಿಪೇರಿಯವನನ್ನು ಮನೆಗೇ ಕರೆಸಿದರು. ಅವನು ಬೇಡದ ಫೈಲುಗಳನ್ನೆಲ್ಲ ಅಳಿಸಿ, ಧೂಳು ತೆಗೆಯಲು ಡಬ್ಬಿ ಬಿಚ್ಚಿದ. ಒಳಗಿನ ಫ್ಯಾನಿಗೆ ಕುಂಕುಮ, ಅಕ್ಷತೆ ಮೆತ್ತಿಕೊಂಡಿದ್ದವು.

"ಆಯುಧಪೂಜೆ ಜೋರಾಗೇ ಮಾಡ್ತೀರ ಸಾರ್!"

"ನಾನಲ್ಲಪ್ಪ, ನನ್ನ ಹೆಂಡ್ತಿ. ಮಿಷನ್ ಹಾಳಾಗುತ್ತೆ ಕಣೇ ಅಂತ ಎಷ್ಟು ಬೈದ್ರೂ ಕೇಳ್ತಿರ್ಲಿಲ್ಲ." ಮೇಷ್ಟ್ರ ದನಿ ತಗ್ಗಿತು. "ಅವಳು ಹೋಗಿ ನಾಲ್ಕು ವರ್ಷ ಆಯ್ತು. ಆಮೇಲೆ ಈ ಮನೇಲಿ ಪೂಜೆನೂ ಇಲ್ಲ, ನನ್ನ ಬಿಟ್ರೆ ಯಾರೂ ಇಲ್ಲ."

ಬ್ರಷ್ ಆಡಿಸುತ್ತಿದ್ದವನ ಕೈ ತಟ್ಟನೆ ನಿಂತಿತು.

"ಆಯುಧಪೂಜೆ ನಿನ್ನೆ ಅಲ್ವಾ ಸಾರ್?"

"ಹೌದು, ಯಾಕೆ?"

ಅವನು ಅಂಗೈ ಚಾಚಿದ. ಫ್ಯಾನಿನ ಹಿಂದೆ ಸಿಕ್ಕಿದ್ದ ಸೇವಂತಿಗೆ ಇನ್ನೂ ಬಾಡಿರಲಿಲ್ಲ.